ಹೌದು, ಗ್ರೀಸ್‌ನ ರಗ್ಬಿ ಲೀಗ್ ಟೀಮಲ್ಲಿ ತುಂಬಾ ಜನ ಆಸ್ಟ್ರೇಲಿಯಾದವ್ರೇ. ಮುಂದೆ?

ಈ ಸಲ ಯುಗಾದಿ ಊಟದಲ್ಲೂ ಅದೇ ಆಯ್ತು. ಹೋಳಿಗೆ ಮೇಲೆ ತುಪ್ಪ ಹಾಕಿಸ್ಕೊಳ್ತಾ ಇದ್ದೆ, ಪಕ್ಕದೆಲೆಯಲ್ಲಿದ್ದ ಹಿರಿಯರು ಕೇಳಿದ್ರು, "ಆ ಗ್ರೀಸ್ ರಗ್ಬಿ ಟೀಮಿನ ಹುಚ್ಚು ಹಿಡಿದಿರೋರು ನೀವೇ ಅಲ್ವಾ? ಅಲ್ರೀ, ಅದ್ರಲ್ಲಿ ನಿಜವಾದ ಗ್ರೀಕರು ಎಷ್ಟು ಜನ ಇದಾರೆ?" ಆಫೀಸಲ್ಲೂ ಇದೇ ಪ್ರಶ್ನೆ, ಜಿಮ್ಮಲ್ಲೂ ಇದೇ, ಶಿವಮೊಗ್ಗದಿಂದ ವಿಡಿಯೋ ಕಾಲ್ ಮಾಡೋ ನಮ್ಮ ಭಾವಂದೂ ಇದೇ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇಲ್ಲಿ ಬರೆದು ಹಾಕ್ತೀನಿ, ಇನ್ಮೇಲೆ ಕೇಳಿದವ್ರಿಗೆ ಲಿಂಕ್ ಕಳ್ಸೋದು ಅಷ್ಟೇ.

ಉತ್ತರ: ತುಂಬಾ ಜನ ಆಸ್ಟ್ರೇಲಿಯಾದಲ್ಲಿ ಹುಟ್ಟಿದವ್ರು. 2022ರ ವರ್ಲ್ಡ್ ಕಪ್ಪಲ್ಲಿ ಕೋಚ್ ಆಗಿದ್ದ ಸ್ಟೀವ್ ಜಾರ್ಜಾಲಿಸ್ ಕೂಡ ಅಲ್ಲೇ ಆಡಿ ಬೆಳೆದವ್ರು. ಲಾಕ್ಲನ್ ಇಲಿಯಾಸ್, ಪೀಟರ್ ಮಾಮೂಜೆಲೋಸ್ ಇಬ್ರೂ ಆಗ ಸಿಡ್ನಿಯ ಸೌತ್ಸ್ (ಸೌತ್ ಸಿಡ್ನಿ) ಕ್ಲಬ್ಬಲ್ಲಿದ್ದ ಹುಡುಗ್ರು. ಅಜ್ಜ ಅಜ್ಜಿಯಲ್ಲಿ ಒಬ್ರು ಗ್ರೀಸಲ್ಲಿ ಹುಟ್ಟಿದ್ರೂ ಸಾಕು, ಮೊಮ್ಮಗ ಗ್ರೀಸ್‌ಗೆ ಆಡ್ಬೋದು ಅಂತ ರೂಲೇ ಇದೆ. ಎರಡನೇ ಮಹಾಯುದ್ಧ ಮುಗಿದ್ಮೇಲೆ ಲೆಕ್ಕವಿಲ್ಲದಷ್ಟು ಗ್ರೀಕರು ಹೊಟ್ಟೆಪಾಡಿಗೆ ಹಡಗು ಹತ್ತಿ ಆಸ್ಟ್ರೇಲಿಯಾಗೆ ಹೋದ್ರು, ಸಿಡ್ನಿಯಲ್ಲಿ ಚಳಿಗಾಲದ ಆಟ ಅಂದ್ರೆ ಲೀಗೇ, ಅಲ್ಲಿ ಬೆಳೆದ ಹುಡುಗ ಅದನ್ನ ಆಡದೆ ಬುಗುರಿ ಆಡ್ತಾನಾ?

ಲೀಗ್ ಅಂದ್ರೇನು ಅಂತ ಗೊತ್ತಿಲ್ದೋರಿಗೆ ಎರಡೇ ಮಾತು. ನೀವು ಟೀವಿಲಿ ನೋಡಿರೋದು ಹದಿನೈದು ಜನರ ರಗ್ಬಿ ಯೂನಿಯನ್, ಇದು ಹದಿಮೂರು ಜನರದ್ದು. ಚೆಂಡು ಹಿಡಿದವ್ನು ಓಡ್ತಾನೆ, ಎದುರಿನವ್ರು ಕಬಡ್ಡಿ ಥರ ಅಡ್ಡ ಹಾಕಿ ಕೆಡವ್ತಾರೆ, ಎದ್ದು ಮತ್ತೆ ಆಡ್ಬೇಕು, ಹೀಗೆ ಆರು ಸಲ ಬಿದ್ರೆ ಚೆಂಡು ಅವ್ರಿಗೆ. ಗೆರೆ ದಾಟಿ ನೆಲಕ್ಕೆ ಮುಟ್ಟಿಸಿದ್ರೆ ಟ್ರೈ, 4 ಪಾಯಿಂಟ್. 1895ರಲ್ಲಿ ಇಂಗ್ಲೆಂಡಿನ ಹಡರ್ಸ್‌ಫೀಲ್ಡಲ್ಲಿ, ನಾನಿರೋ ವೇಕ್‌ಫೀಲ್ಡ್‌ನಿಂದ ಹತ್ರಾನೇ, ಒಂದು ಹೋಟೆಲಲ್ಲಿ ಕೂತು ಉತ್ತರ ಇಂಗ್ಲೆಂಡಿನ ಕ್ಲಬ್‌ಗಳು ಯೂನಿಯನ್‌ನಿಂದ ಬೇರೆಯಾದ್ವು. ಗಣಿ, ಮಿಲ್ಲಿನ ಹುಡುಗ್ರು ಶನಿವಾರ ಆಟಕ್ಕೆ ಬಂದ್ರೆ ಕೂಲಿ ಕಟ್, ಆ ಕೂಲಿ ತುಂಬಿಕೊಡಿ ಅಂದ್ರೆ ದೊಡ್ಡ ಮನುಷ್ಯರು ಆಗಲ್ಲ ಅಂದ್ರು. ಜಗಳ ಮಾಡ್ಕೊಂಡೇ ಹುಟ್ಟಿದ ಆಟ ಇದು.

ಈಗ "ನಿಜವಾದ" ಅನ್ನೋ ಪದಕ್ಕೆ ಬರ್ತೀನಿ, ಯಾಕಂದ್ರೆ ನನಗೆ ಉರಿಯೋದು ಅಲ್ಲೇ.

2022ರ ಅಕ್ಟೋಬರ್ 29, ಶೆಫೀಲ್ಡ್, ಬ್ರಮಾಲ್ ಲೇನ್ ಸ್ಟೇಡಿಯಂ. ವರ್ಲ್ಡ್ ಕಪ್ಪು, ಇಂಗ್ಲೆಂಡ್ ಎದುರು ಗ್ರೀಸ್. ಸೋಲ್ತಾರೆ ಅಂತ ಗೊತ್ತಿತ್ತು, ಆದ್ರೂ ತಿಪಟೂರಿನ ಒಬ್ಬ ಗೆಳೆಯನ್ನ ಎಳ್ಕೊಂಡು ಹೋಗಿದ್ದೆ, ಜೊತೆಗೆ ಅವನ ಏಳು ವರ್ಷದ ಮಗ, ಲೀಡ್ಸಲ್ಲಿ ಹುಟ್ಟಿದ್ದು, ಕನ್ನಡದಲ್ಲಿ ಮಾತಾಡ್ಸಿದ್ರೆ ಇಂಗ್ಲಿಷಲ್ಲಿ ಉತ್ತರ ಕೊಡ್ತಾನೆ. ಫಸ್ಟ್ ಹಾಫ್ ಮುಗಿಯೋದ್ರೊಳಗೆ ಗೆಳೆಯನಿಗೆ ಬೋರಾಗಿ ಫೋನ್ ತೆಗ್ದ, ಅದೇನೋ ಓದ್ದ, ಆಮೇಲೆ ಸುತ್ತ ನಾಲ್ಕು ಸಾಲಿಗೆ ಕೇಳೋ ಹಾಗೆ "ಲೋ ಗುರು, ಇವ್ರ್ಯಾರೂ ನಿಜವಾದ ಗ್ರೀಕರೇ ಅಲ್ವಲ್ಲೋ!" ಅಂದ. ಪುಣ್ಯಕ್ಕೆ ಕನ್ನಡದಲ್ಲಿ. ನಾನು ಹುಡುಗನ ಕಡೆ ತಿರುಗಿ, ಪುಟ್ಟ ನಿಮ್ಮೂರು ಯಾವುದೋ ಅಂದೆ. "ತಿಪ್‌ಟೂರ್" ಅಂತು ಮಗು. ಎರಡೇ ಸಲ ನೋಡಿರೋ ಊರು, ಅದ್ರಲ್ಲಿ ಒಂದು ಸಲ ತೊಟ್ಟಿಲಲ್ಲಿ. ಹಾಗೆ ಹೇಳು ಅಂತ ಕಲ್ಸಿದ್ದು ಯಾರು? ಇವನೇ. ನಮ್ಮಲ್ಲಿ ಮುಂಬೈಯಲ್ಲಿ ಹುಟ್ಟಿ ಅಲ್ಲೇ ರಿಟೈರ್ ಆದೋರೂ "ನಮ್ಮೂರು ಕುಂದಾಪುರ" ಅಂತಾರೆ, ಅವ್ರನ್ನ ಯಾರೂ "ನಿಜವಾದ ಕುಂದಾಪ್ರದವ್ರಾ" ಅಂತ ಕೇಳಲ್ಲ. ಗೆಳೆಯ ಸುಮ್ನಾದ. ಅಥವಾ ಚಿಪ್ಸ್ ತರಕ್ಕೆ ಹೋದ, ನೆನಪಿಲ್ಲ.

ಸ್ಕೋರು 94-4. ಹೇಳ್ಬಿಟ್ಟೆ. ಆ 4 ಅಂದ್ರೆ ಒಂದು ಟ್ರೈ, ಅದಾದಾಗ ನಾನು ಕೂಗಿದ ಕೂಗಿಗೆ ಗಂಟಲು ಎರಡು ದಿನ ಹೋಗಿತ್ತು. ಅದಕ್ಕೂ ಮುಂಚೆ ಫ್ರಾನ್ಸ್ ಹತ್ರ 34-12, ಸಮೋವಾ ಹತ್ರ 72-4. ನಗಬೇಡಿ. ಅದೇ ಸಮೋವಾ ಮೊದಲ ಮ್ಯಾಚಲ್ಲಿ ಇಂಗ್ಲೆಂಡ್ ಕೈಲಿ 60-6 ತಿಂದು, ಸೆಮಿಫೈನಲಲ್ಲಿ ಅದೇ ಇಂಗ್ಲೆಂಡನ್ನ 27-26ರಲ್ಲಿ ಮನೆಗೆ ಕಳ್ಸಿ ಫೈನಲ್ ಆಡ್ತು. ಅಲ್ಲೂ ಹೊರಗೆ ಹುಟ್ಟಿ ಬೆಳೆದ ಹುಡುಗ್ರು ಬೇಕಾದಷ್ಟಿದ್ರು. ಫೈನಲ್‌ಗೆ ಬಂದವ್ರನ್ನ ಮಾತ್ರ ಯಾರೂ ಕೆಣಕಲಿಲ್ಲ ನೋಡಿ.

ಇಷ್ಟು ವರ್ಷದಲ್ಲಿ ಒಬ್ರೂ ಕೇಳದ ಪ್ರಶ್ನೆ ಒಂದಿದೆ. ಸಿಡ್ನಿಯವ್ರ ಕಥೆ ಬಿಡಿ, ಗ್ರೀಸಲ್ಲೇ ಇರೋರು ಎಲ್ಲಿ ಆಡ್ತಿದ್ರು?

ಕದ್ದು ಆಡ್ತಿದ್ರು. ತಮಾಷೆ ಅಲ್ಲ. ಅಲ್ಲಿ ಒಂದು ಆಟಕ್ಕೆ ಸರ್ಕಾರ ಒಪ್ಪಿದ ಫೆಡರೇಶನ್ ಇರ್ಬೇಕು. ಅಲ್ಲಿನ ಹಳೇ ಲೀಗ್ ಫೆಡರೇಶನನ್ನ ಯುರೋಪಿನ ರಗ್ಬಿ ಲೀಗ್ ಸಂಸ್ಥೆ 2016ರಲ್ಲಿ ಹೊರಗೆ ಹಾಕ್ತು. ಹೊಸದಾಗಿ ಕಟ್ಟಿದವ್ರಿಗೆ ಹೊರಗಿನವ್ರ ಮಾನ್ಯತೆ ಸಿಕ್ತು, ಸ್ವಂತ ಸರ್ಕಾರದ್ದು ಸಿಗ್ಲಿಲ್ಲ. ಮ್ಯಾಚ್ ನಡೀತಿದೆ ಅಂದ್ರೆ ಪೊಲೀಸ್ ಬಂದು ನಿಲ್ಲಿಸೋದು, ಗ್ರೌಂಡ್ ಕೊಟ್ಟವ್ನಿಗೆ ಬೆದರಿಕೆ. ಹಾಗಾಗಿ ಊರೆಲ್ಲ ಮಲಗಿದ ಮೇಲೆ ನಡುರಾತ್ರಿ ಆಟ. ನಾವು ಚಿಕ್ಕೋರಿದ್ದಾಗ ಪರೀಕ್ಷೆ ಟೈಮಲ್ಲಿ ಅಪ್ಪನ ಕಣ್ತಪ್ಪಿಸಿ ಕ್ರಿಕೆಟ್ ಆಡ್ತಿದ್ವಲ್ಲ, ಅದೇ ಥರ, ಇವ್ರು ಮಾತ್ರ ಗಡ್ಡ ಬಂದ ಗಂಡಸ್ರು, ಬೆಳಿಗ್ಗೆ ಎದ್ದು ಕೆಲಸಕ್ಕೆ ಹೋಗೋರು. 2019ರ ನವೆಂಬರಲ್ಲಿ ಸರ್ಬಿಯಾನ 82-6ರಲ್ಲಿ ಸೋಲಿಸಿ ವರ್ಲ್ಡ್ ಕಪ್‌ಗೆ ಹೋದ್ರು, ಆ "ಹೋಮ್" ಮ್ಯಾಚ್ ನಡೆದದ್ದೂ ಲಂಡನ್ನಲ್ಲಿ. ಸರ್ಕಾರ ಮಾನ್ಯತೆ ಕೊಟ್ಟಿದ್ದು 2022ರ ಆಗಸ್ಟಲ್ಲಿ, ವರ್ಲ್ಡ್ ಕಪ್‌ಗೆ ಎರಡು ತಿಂಗಳಿದ್ದಾಗ. ಅಂದ್ರೆ ಎರಡೂ ಮುಕ್ಕಾಲು ವರ್ಷ ಇವ್ರು ವರ್ಲ್ಡ್ ಕಪ್‌ಗೆ ಆಯ್ಕೆಯಾದ ದೇಶದವ್ರು, ಆದ್ರೆ ತಮ್ಮ ದೇಶದಲ್ಲಿ ಹಗಲು ಹೊತ್ತು ಧೈರ್ಯವಾಗಿ ಒಂದು ಮ್ಯಾಚ್ ಆಡೋ ಹಾಗಿರ್ಲಿಲ್ಲ.

ಹಾಗೆ ಆಡಿದವ್ರಲ್ಲಿ ಕೆಲವ್ರು ವರ್ಲ್ಡ್ ಕಪ್ ಸ್ಕ್ವಾಡಲ್ಲೂ ಇದ್ರು, ಸಿಡ್ನಿ ಹುಡುಗ್ರ ಜೊತೆ. ಕೇಳೋದಾದ್ರೆ ಅವ್ರ ಬಗ್ಗೆ ಕೇಳಿ. ದುಡ್ಡಿಲ್ಲ, ಜನ ಇಲ್ಲ, ಪೇಪರಲ್ಲಿ ಹೆಸರು ಬರಲ್ಲ, ಬಂದ್ರೂ ಕಷ್ಟ, ಆದ್ರೂ ರಾತ್ರಿ ಮನೆ ಬಿಟ್ಟು ಯಾಕೆ ಬರ್ತಿದ್ರು? ಹೆಂಡತಿಗೆ ಏನಂತ ಹೇಳಿ ಬರ್ತಿದ್ರು? ಆ ಹೊತ್ತಲ್ಲಿ ಲೈಟ್ ಹಾಕಿಕೊಡ್ತಿದ್ದ ಪುಣ್ಯಾತ್ಮ ಯಾರು? ನನಗೂ ತಿಳ್ಕೊಳ್ಳೋ ಆಸೆ.

ಯುಗಾದಿ ಊಟದಲ್ಲಿ ಇದೆಲ್ಲ ಹೇಳಿದ್ನಾ? ಎಲ್ಲಿ. "ಎಲ್ರೂ ನಿಜವಾದವ್ರೇ ಸಾರ್" ಅಂದೆ. "ಹೌದಾ? ಮತ್ತೆ ಅಷ್ಟೊಂದು ಯಾಕ್ರೀ ಸೋತ್ರು?" ಅಂದ್ರು. ಅಷ್ಟರಲ್ಲಿ ಮಜ್ಜಿಗೆ ಬಂತು.