ಖಾಲಿ ಪಾಯಿಂಟ್‌ನಲ್ಲಿ ಎಲ್ಲಿ ಕೂರಬೇಕು?

ಮೊದಲ ದಿನ ಸರ್ಫಿಂಗ್ ಬೋರ್ಡಿನ ಮೇಲೆ ಒಂದೂವರೆ ಗಂಟೆ ನೀರಿನಲ್ಲಿ ಕೂತಿದ್ದೆ. ಹಿಡಿದ ಅಲೆ ಎಷ್ಟು? ಸೊನ್ನೆ.

ಅಲೆ ಇರಲಿಲ್ಲ ಅಂತ ಅಲ್ಲ. ಒಂದಾದ ಮೇಲೊಂದು ಬರುತ್ತಲೇ ಇದ್ದವು. ಎದೆಯೆತ್ತರ, ಗಾಜಿನ ಹಾಗೆ ನುಣುಪು. ಬಂಡೆಯ ತುದಿಯಲ್ಲಿ ಒಡೆಯಲು ಶುರುವಾಗಿ, ಬಟ್ಟೆಯನ್ನು ನಿಧಾನವಾಗಿ ಹರಿದ ಹಾಗೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಒಡೆಯುತ್ತಾ ಕೊಲ್ಲಿಯ ಒಳಗೆ ಹೋಗುತ್ತಿದ್ದವು. ಎಲ್ಲಾ ನನ್ನ ಕಣ್ಣೆದುರೇ. ನಾನು ಮಾತ್ರ ಅವು ಒಡೆಯುವ ಜಾಗಕ್ಕಿಂತ 20 ಮೀಟರ್ ಆಚೆ ಕೂತು, ಪ್ರತಿ ಅಲೆಗೂ ಬೋರ್ಡಿನ ಮೇಲೆ ಮಲಗಿ ನೀರನ್ನು ಹಿಂದಕ್ಕೆ ತಳ್ಳುತ್ತಾ ಕೈ ಬೀಸಿ ಬೀಸಿ, ಅದು ಬೋರ್ಡಿನ ಅಡಿಯಿಂದ ನುಸುಳಿ ಹೋಗುವುದನ್ನು ನೋಡುತ್ತಿದ್ದೆ. ಸರಿ ಅಂತ ಒಳಗೆ ಬಂದು ಕೂತೆ. ಆಗ ದೊಡ್ಡ ಸೆಟ್, ಅಂದರೆ ಒಂದರ ಹಿಂದೆ ಒಂದು ಬರುವ ದೊಡ್ಡ ಅಲೆಗಳ ಗುಂಪು, ಬಂದು ನೇರ ತಲೆ ಮೇಲೆ ಬಿತ್ತು.

ಜನ ಇಲ್ಲದ ಪಾಯಿಂಟ್ ಬ್ರೇಕ್ (ಭೂಶಿರದ ತುದಿಯಿಂದ ಅದರ ಉದ್ದಕ್ಕೂ ಅಲೆ ಒಡೆಯುತ್ತಾ ಹೋಗುವ ಜಾಗ) ಬೇಕು ಅಂತ ಎಷ್ಟು ವರ್ಷದಿಂದ ಹಂಬಲಿಸಿದ್ದೆನೋ. ಸಿಕ್ಕಿದ ಮೇಲೆ ಗೊತ್ತಾಯಿತು, ಇಷ್ಟು ದಿನ ನಾನು ಸಮುದ್ರವನ್ನು ಓದುತ್ತಲೇ ಇರಲಿಲ್ಲ, ಜನರನ್ನು ಓದುತ್ತಿದ್ದೆ. ಊರ ಮುಂದಿನ ಬೀಚಿನಲ್ಲಿ ಮೂವತ್ತು ಜನ ಒಂದು ಕಡೆ ಕೂತಿದ್ದರೆ ನಾವೂ ಹೋಗಿ ಅಲ್ಲೇ ಪಕ್ಕದಲ್ಲಿ ಕೂರುತ್ತೇವೆ. ಅವರು ದಿಢೀರನೆ ಹೊರಗೆ ಕೈ ಬೀಸತೊಡಗಿದರೆ ಸೆಟ್ ಬರುತ್ತಿದೆ ಅಂತ ಅರ್ಥ, ನಾವೂ ಬೀಸುತ್ತೇವೆ. ಗುಂಪನ್ನು ಬೈಯುತ್ತಲೇ ಗುಂಪಿನಿಂದ ಎಲ್ಲಾ ಮಾಹಿತಿ ಪಡೆಯುತ್ತಿರುತ್ತೇವೆ, ಅಲ್ವಾ? ಇಲ್ಲಿ ಕೇಳೋಣ ಅಂದರೆ ಬಂಡೆ ಮೇಲೆ ಎರಡು ಕೊಕ್ಕರೆ ಬಿಟ್ಟರೆ ಯಾರೂ ಇಲ್ಲ.

ಯಾಕೆ ಯಾರೂ ಇಲ್ಲ ಅನ್ನುವುದು ದೊಡ್ಡ ರಹಸ್ಯವೇನಲ್ಲ. ಬೋರ್ಡು ಹೊತ್ತು 40 ನಿಮಿಷ ನಡೆಯಬೇಕು. ಕೊನೆಯ ಅರ್ಧ ದಾರಿ ಬರೀ ಉರುಟು ಕಲ್ಲು, ಅದೂ ಇಳಿತದ ಹೊತ್ತಿನಲ್ಲಿ ಮಾತ್ರ ದಾಟಬಹುದು. 7 ಅಡಿ ಬೋರ್ಡನ್ನು ಕಂಕುಳಲ್ಲಿ ಇಟ್ಟುಕೊಂಡು ಹತ್ತು ನಿಮಿಷ ನಡೆದು ನೋಡಿ, ಗಾಳಿ ಒಂಚೂರು ಬೀಸಿದರೆ ಅದು ನಮ್ಮನ್ನೇ ಹೊತ್ತುಕೊಂಡು ಹೋಗಲು ನೋಡುತ್ತದೆ. ಊರ ಮುಂದೆಯೇ ಮರಳಿನ ಬೀಚು, ಅಲ್ಲೇ ಅಲೆ, ಅಲ್ಲೇ ಬಾಡಿಗೆ ಬೋರ್ಡು. ಇಷ್ಟು ದೂರ ಯಾರು ಬರುತ್ತಾರೆ? ಜೊತೆಗೆ ಇನ್ನೊಂದು ಕಾರಣ ಇದೆ, ಅದು ನಿಜವಾಗಿ ಮಜವಾದದ್ದು. ಈ ಪಾಯಿಂಟ್ ಎಲ್ಲಾ ದಿನ ಕೆಲಸ ಮಾಡುವುದಿಲ್ಲ.

ನಾನು ಮೊದಲೆಲ್ಲಾ ಮುನ್ಸೂಚನೆಯಲ್ಲಿ ಅಲೆಯ ಎತ್ತರ ಮಾತ್ರ ನೋಡುತ್ತಿದ್ದೆ. 1.5 ಮೀಟರ್ ಅಂದರೆ ಖುಷಿ, 1 ಮೀಟರ್ ಅಂದರೆ ಬೇಸರ. ಆದರೆ ಪಾಯಿಂಟ್‌ಗೆ ಮುಖ್ಯ ಎತ್ತರ ಅಲ್ಲ, ಪೀರಿಯಡ್. ಅಂದರೆ ಒಂದು ಅಲೆ ಹೋದ ಮೇಲೆ ಇನ್ನೊಂದು ಬರಲು ಎಷ್ಟು ಸೆಕೆಂಡು ಅನ್ನುವುದು. ಅಲೆಗೆ ತನ್ನ ಉದ್ದದ (ಒಂದು ಅಲೆಯ ತುದಿಯಿಂದ ಹಿಂದಿನದರ ತುದಿಗೆ ಇರುವ ದೂರ) ಸುಮಾರು ಅರ್ಧದಷ್ಟು ಆಳದಲ್ಲಿ ತಳ ತಾಗತೊಡಗುತ್ತದೆ. 8 ಸೆಕೆಂಡಿನ ಅಲೆ ಆಳ ನೀರಿನಲ್ಲಿ ಸುಮಾರು 100 ಮೀಟರ್ ಉದ್ದ, ಅಂದರೆ 50 ಮೀಟರ್ ಆಳಕ್ಕೆ ಬರುವವರೆಗೂ ಅದಕ್ಕೆ ತಳದ ಪರಿವೆಯೇ ಇಲ್ಲ. 14 ಸೆಕೆಂಡಿನದು ಸುಮಾರು 300 ಮೀಟರ್ ಉದ್ದ, ಅದಕ್ಕೆ 150 ಮೀಟರ್ ಆಳದಲ್ಲೇ ತಳ ಗೊತ್ತಾಗುತ್ತದೆ. ತಳ ತಾಗಿದ ಕಡೆ ಅಲೆ ನಿಧಾನವಾಗುತ್ತದೆ, ಆಳ ಇರುವ ಕಡೆಯ ಭಾಗ ಅದೇ ವೇಗದಲ್ಲಿ ಮುಂದೆ ಹೋಗುತ್ತದೆ, ಹಾಗಾಗಿ ಇಡೀ ಅಲೆ ಬಾಗುತ್ತದೆ. ಸಾಲಾಗಿ ನಡೆಯುತ್ತಿರುವವರಲ್ಲಿ ಒಂದು ತುದಿಯವರು ಕೆಸರಿಗೆ ಕಾಲಿಟ್ಟರೆ ಸಾಲು ಆ ಕಡೆಗೇ ತಿರುಗುತ್ತದಲ್ಲ, ಹಾಗೆ. ಉದ್ದ ಪೀರಿಯಡ್‌ನ ಅಲೆ ಭೂಶಿರವನ್ನು ಸುತ್ತಿಕೊಂಡು ಕೊಲ್ಲಿಯೊಳಗೆ ಬರುತ್ತದೆ. ಗಾಳಿಗೆ ಎದ್ದ ಗಿಡ್ಡ ಅಲೆ ಅಷ್ಟು ಬಾಗುವುದಿಲ್ಲ, ಹೆಚ್ಚಿನ ಪಾಲು ಆಚೆಯಿಂದಲೇ ಹೊರಟುಹೋಗುತ್ತದೆ. ಊರ ಬೀಚಿನಲ್ಲಿ 1.5 ಮೀಟರ್ ಅಲೆ ಎದ್ದು ಕುದಿಯುತ್ತಿದ್ದ ದಿನ ಇಲ್ಲಿ ಕೆರೆಯ ಹಾಗೆ ಸಪಾಟಾಗಿತ್ತು. ಬೀಚಿನವರು "ಇವತ್ತು ಏನೂ ಇಲ್ಲ" ಅಂದ ದಿನ ಇಲ್ಲಿ 1 ಮೀಟರ್, 14 ಸೆಕೆಂಡು, ಹಬ್ಬ.

ಆ ಅಲೆ ಎಲ್ಲಿಂದ ಬಂದದ್ದು ಅಂತ ಯೋಚಿಸಿದರೆ ತಲೆ ತಿರುಗುತ್ತದೆ. 1963ರಲ್ಲಿ ಸಮುದ್ರ ವಿಜ್ಞಾನಿ ವಾಲ್ಟರ್ ಮಂಕ್ ಮತ್ತು ಅವರ ತಂಡ ನ್ಯೂಜಿಲೆಂಡ್‌ನಿಂದ ಅಲಾಸ್ಕದವರೆಗೆ ಪೆಸಿಫಿಕ್ ಉದ್ದಕ್ಕೂ ಅಳತೆ ಕೇಂದ್ರಗಳನ್ನು ಇಟ್ಟು, ದಕ್ಷಿಣದ ಬಿರುಗಾಳಿಗಳಲ್ಲಿ ಹುಟ್ಟಿದ ಸ್ವೆಲ್ (ದೂರದಿಂದ ಸಾಗಿ ಬರುವ ಅಲೆಗಳು) ಅಲಾಸ್ಕದ ದಡಕ್ಕೆ ಹೋಗಿ ಮುಟ್ಟುವುದನ್ನು ಹಿಂಬಾಲಿಸಿದ್ದರು. 14 ಸೆಕೆಂಡಿನ ಅಲೆಗಳ ಗುಂಪು ಗಂಟೆಗೆ ಹತ್ತಿರ ಹತ್ತಿರ 40 ಕಿಲೋಮೀಟರ್ ಸಾಗುತ್ತದೆ. 5000 ಕಿಲೋಮೀಟರ್ ಆಚೆ ಗಾಳಿ ಬೀಸಿದರೆ ಐದು ದಿನ ಬಿಟ್ಟು ಇಲ್ಲಿ ಅಲೆ. ಅಷ್ಟು ದೂರ ಪ್ರಯಾಣ ಮಾಡಿ ಬಂದದ್ದು ಕೊನೆಗೆ 20 ಮೀಟರ್ ವ್ಯತ್ಯಾಸದಲ್ಲಿ ನನ್ನ ಕೈ ತಪ್ಪಿ ಹೋಗುತ್ತಿತ್ತು. ಹೊಟ್ಟೆ ಉರಿಯದೆ ಇರುತ್ತದೆಯೇ?

ಎರಡನೇ ದಿನ ಬೆಳಿಗ್ಗೆ ನೀರಿನಲ್ಲಿ ಒಬ್ಬರು ಇದ್ದರು. ವಯಸ್ಸಾದವರು, ಉದ್ದ ಬೋರ್ಡು, ತಲೆಗೆ ಬಟ್ಟೆ. ನಾನು ಇಳಿಯಲಿಲ್ಲ. ಬಂಡೆ ಮೇಲೆ ಕೂತು ಅರ್ಧ ಗಂಟೆ ಸುಮ್ನೆ ನೋಡಿದೆ. ಅವರು ಜಾಸ್ತಿ ಏನೂ ಮಾಡುತ್ತಿರಲಿಲ್ಲ. ನಾಲ್ಕು ಸಲ ಕೈ ಬೀಸುತ್ತಿದ್ದರು, ಅಲೆ ಸಿಗುತ್ತಿತ್ತು. ಅದಕ್ಕಿಂತ ಕುತೂಹಲದ್ದು ಮಧ್ಯೆ ಮಧ್ಯೆ ಅವರು ಮಾಡುತ್ತಿದ್ದ ಕೆಲಸ. ಸಮುದ್ರದ ಕಡೆ ನೋಡುವುದನ್ನು ಬಿಟ್ಟು ತಿರುಗಿ ದಡ ನೋಡುತ್ತಿದ್ದರು. ಒಮ್ಮೆ ಬೆಟ್ಟದ ಕಡೆ, ಒಮ್ಮೆ ಬಲಕ್ಕೆ. ಎರಡು ಸಲ ಕೈ ಬೀಸಿ ಸ್ವಲ್ಪ ಸರಿದು ಮತ್ತೆ ಕೂರುತ್ತಿದ್ದರು.

ಹೊರಗೆ ಬಂದ ಮೇಲೆ ಕೇಳಿದೆ. ನಕ್ಕರು. ದಡದ ತೆಂಗಿನ ಮರ ಅದರ ಹಿಂದಿನ ತಗಡಿನ ಚಾವಣಿಯ ಮೂಲೆಗೆ ಸರಿಯಾಗಿ ಕೂರಬೇಕಂತೆ, ಬಲಗಡೆ ಕಪ್ಪು ಬಂಡೆಯ ಹಿಂದೆ ದೂರದ ಬಿಳಿ ಬಂಡೆ ಅರ್ಧ ಕಾಣಬೇಕಂತೆ. ಎರಡೂ ಗೆರೆ ಸೇರುವ ಕಡೆ ಕೂರುವುದು. ಮೀನುಗಾರರು ಬಲೆ ಹಾಕಿದ ಜಾಗ ನೆನಪಿಟ್ಟುಕೊಳ್ಳುವ ಲೆಕ್ಕವೇ ಇದು. ನಾನು ಮೊದಲ ದಿನ ಗುರುತೇ ಇಟ್ಟಿರಲಿಲ್ಲ ಅಂತ ಅಲ್ಲ, ಅದೇ ತೆಂಗಿನ ಮರವನ್ನು ಇಟ್ಟಿದ್ದೆ, ಆದರೆ ಬರೀ ಮರವನ್ನು. ಒಂದೇ ಗುರುತಾದರೆ ಎಷ್ಟು ಸರಿದರೂ ಮರ ಎದುರಿಗೇ ಕಾಣುತ್ತದೆ. ಈ ಕೊಲ್ಲಿಯಲ್ಲಿ ಸರಿಯದೆ ಇರುವುದಂತೂ ಆಗುವುದೇ ಇಲ್ಲ. ಪಾಯಿಂಟ್ ಉದ್ದಕ್ಕೂ ಅಲೆ ಒಡೆದ ನೀರೆಲ್ಲಾ ಒಂದೇ ಕಡೆ ಹರಿಯುತ್ತದೆ, ನದಿಯ ಹಾಗೆ. ಬೋರ್ಡಿನ ಮೇಲೆ ಕೂತು ಆಕಳಿಸಿ ಮುಗಿಸುವಷ್ಟರಲ್ಲಿ ಹತ್ತು ಮೀಟರ್ ಕೆಳಗೆ ಹೋಗಿರುತ್ತೀರಿ.

ಇನ್ನೊಂದು ಮಾತು ಹೇಳಿದರು. ಮೊದಲ ಅಲೆಗೆ ಆಸೆ ಪಡಬೇಡ, ಹಿಂದೆ ಬರುವುದು ದೊಡ್ಡದಿರುತ್ತದೆ, ಮೊದಲನೆಯದಕ್ಕೆ ಹೋಗಿ ಬಿದ್ದರೆ ಉಳಿದವೆಲ್ಲಾ ನಿನ್ನ ಮೇಲೆ. ಹಿಂದಿನ ದಿನ ನನಗೆ ಆದದ್ದೇ ಅದು.

ಇಳಿಯುವುದು ಹೇಗೆ ಅಂತ ಕೇಳಲು ಮಾತ್ರ ಮರೆತೆ. ಅವರು ಬಂಡೆಯ ತುದಿಯಿಂದಲೇ ಹಾರಿದ್ದನ್ನು ನೋಡಿದ್ದೆ, ನೋಡಲು ಬಹಳ ಸುಲಭ. ದೂರದ ಬೆಟ್ಟ ನುಣ್ಣಗೆ. ಅಲೆಯ ನೀರು ಬಂಡೆ ಮೇಲೆ ತುಂಬಿ ಬಂದಾಗ ಬೋರ್ಡಿನ ಮೇಲೆ ಮಲಗಿ, ಅದು ವಾಪಸ್ ಹೋಗುವಾಗ ಅದರ ಜೊತೆಗೇ ಹೋಗಬೇಕು. ನಾನು ಒಂದು ಸೆಕೆಂಡು ಅನುಮಾನಿಸಿದೆ. ನೀರು ಹೋಯಿತು, ನಾನು ಬಂಡೆ ಮೇಲೆ ಉಳಿದೆ. ಮುಂದಿನ ಅಲೆ ಬಂದು ಕಾಲನ್ನು ಕಲ್ಲಿಗೆ ಉಜ್ಜಿತು. ಬಂಡೆಗೆ ಅಂಟಿಕೊಂಡಿರುವ ಚಿಪ್ಪುಗಳು ಬ್ಲೇಡಿನ ಹಾಗೆ ಇರುತ್ತವೆ. ಪಾದದಲ್ಲಿ ಮೂರು ಗೆರೆ, ಬೋರ್ಡಿನ ಅಡಿಯ ಒಂದು ಫಿನ್ (ಮೀನಿನ ರೆಕ್ಕೆಯಂಥದ್ದು) ಚೂರು. ಬೆಚ್ಚಗಿನ ನೀರಿನಲ್ಲಿ ಇಂಥ ಗಾಯ ಬೇಗ ಕೆಡುತ್ತದೆ, ಸಿಹಿನೀರಿನಲ್ಲಿ ತೊಳೆದು ಒಳಗಿನ ಚೂರುಗಳನ್ನೆಲ್ಲಾ ತೆಗೆದು ಒಣಗಿಸಿ ಇಡಬೇಕು. ನಾನು ಒಂದು ದಿನ ಹಾಗೆ ಮಾಡಿದೆ. ಮರುದಿನ ಮತ್ತೆ ನೀರಿಗೆ. ತಪ್ಪೇ, ಒಪ್ಪುತ್ತೇನೆ. ಆಮೇಲೆ ಬಂಡೆಯ ಸಹವಾಸ ಬಿಟ್ಟು, ಕೊಲ್ಲಿಯ ಒಳಗಿನ ಮರಳಿನಿಂದ ಇಳಿದು, ಅಲೆ ಒಡೆಯದ ಆಳದ ದಾರಿಯಲ್ಲಿ ಸುತ್ತಿಕೊಂಡು ಹೋಗುತ್ತಿದ್ದೆ. ಹದಿನೈದು ನಿಮಿಷ ಹೆಚ್ಚು ಕೈ ಬೀಸಬೇಕು. ಬೀಸೋಣ.

ನಾಲ್ಕನೇ ದಿನ ಆ ಅಲೆ ಸಿಕ್ಕಿತು.

ಮರ ಚಾವಣಿಗೆ ಕೂತಿತ್ತು, ಬಿಳಿ ಬಂಡೆ ಅರ್ಧ ಕಾಣುತ್ತಿತ್ತು, ಎರಡು ಅಲೆ ಬಿಟ್ಟೆ, ಮೂರನೆಯದಕ್ಕೆ ತಿರುಗಿ ಕೈ ಬೀಸಿದೆ, ಬೀಸಿದ್ದು ಮೂರೋ ನಾಲ್ಕೋ ಸಲ, ಹಿಂಭಾಗ ಎದ್ದಿತು, ಎದ್ದು ನಿಂತೆ, ಬಲಕ್ಕೆ ನೋಡಿದರೆ ಅಲೆ ಇನ್ನೂ ಒಡೆಯದೆ ಗೋಡೆಯ ಹಾಗೆ ಮುಂದೆ ಮುಂದೆ ಏಳುತ್ತಾ ಹೋಗುತ್ತಿತ್ತು. ಬೀಚಿನ ಅಲೆ ಐದಾರು ಸೆಕೆಂಡಿನಲ್ಲಿ ಮುಗಿಯುತ್ತದೆ. ಅದರಲ್ಲಿ ಎದ್ದು ನಿಲ್ಲುವುದೇ ಆಟ, ಯೋಚನೆಗೆ ಜಾಗ ಇಲ್ಲ. ಇಲ್ಲಿ ಒಂದು ತಿರುವು ತೆಗೆದುಕೊಂಡೆ, ಇನ್ನೊಂದು, ಮತ್ತೊಂದು, ಆಮೇಲೆ ಏನು ಮಾಡಬೇಕು ಅಂತ ತೋಚಲಿಲ್ಲ. ನಿಜವಾಗಿಯೂ. ನನಗೆ ಗೊತ್ತಿದ್ದದ್ದೆಲ್ಲಾ ಮುಗಿದಿತ್ತು, ಅಲೆ ಮುಗಿದಿರಲಿಲ್ಲ! ಸುಮ್ನೆ ನಿಂತುಕೊಂಡು ಬೆರಳು ಅಲೆಯ ಮೈಗೆ ತಾಗಿಸಿಕೊಂಡು ಹೋದೆ. ತೊಡೆ ಉರಿಯತೊಡಗಿತು. ಕೊನೆಗೆ ಮರಳಿನ ಹತ್ತಿರ, ಮೊಣಕಾಲುದ್ದದ ನೀರಿನಲ್ಲಿ, ಯಾವ ಕಾರಣವೂ ಇಲ್ಲದೆ ಬೋರ್ಡಿನಿಂದ ಪಕ್ಕಕ್ಕೆ ಬಿದ್ದೆ. ನೋಡಲು ಯಾರೂ ಇರಲಿಲ್ಲವಾದ್ದರಿಂದ ಮೀಸೆ ಮಣ್ಣಾಗಲಿಲ್ಲ.

ಯಾರೂ ಇಲ್ಲದಿರುವುದಕ್ಕೆ ಇನ್ನೊಂದು ಮುಖವೂ ಇದೆ. ತಲೆಗೆ ಬೋರ್ಡು ಬಡಿದರೆ ಎಳೆದು ತರುವವರಿಲ್ಲ. ಅದಕ್ಕೇ ಒಂದು ನಿಯಮ ಮಾಡಿಕೊಂಡೆ: ಬಂಡೆ ಮೇಲಾದರೂ ಒಬ್ಬರು ಕಾಣದಿದ್ದರೆ ತಲೆಯೆತ್ತರ ಮೀರಿದ ದಿನ ಇಳಿಯುವುದಿಲ್ಲ. ಬೋರ್ಡನ್ನು ಕಾಲಿಗೆ ಕಟ್ಟುವ ಲೀಶಿನ ಪಟ್ಟಿಯನ್ನು ದಿನಾ ಎಳೆದು ನೋಡುವುದು, ಸವೆದಿದ್ದರೆ ಅವತ್ತೇ ಬದಲಾಯಿಸುವುದು. ಅದು ಕಿತ್ತುಹೋದರೆ ಬೋರ್ಡು ಬಂಡೆಗೆ, ನಾವು ಹರಿವಿಗೆ. ಇನ್ನು ಇಬ್ಬರು ಮೂವರೇ ಇದ್ದೇವಲ್ಲ ಅಂತ ರೀತಿನೀತಿ ಬಿಡುವವರೂ ಇದ್ದಾರೆ. ಅಲೆ ಮೊದಲು ಒಡೆಯುವ ಜಾಗಕ್ಕೆ ಹತ್ತಿರ ಇರುವವರದ್ದೇ ಆ ಅಲೆ, ಇದು ಎಲ್ಲಾ ಕಡೆಯ ಪದ್ಧತಿ. ಮೂರೇ ಜನ ಇರುವ ಕಡೆ ಅದನ್ನು ಮುರಿದರೆ ಇನ್ನೂ ಜಾಸ್ತಿ ಚುಚ್ಚುತ್ತದೆ, ಬೇಕಾದಷ್ಟು ಅಲೆ ಇತ್ತಲ್ಲಾ ಅಂತ.

ಹತ್ತು ಗಂಟೆಗೆ ಆಟ ಮುಗಿಯುತ್ತಿತ್ತು. ರಾತ್ರಿ ನೆಲ ತಣ್ಣಗಾಗಿ ಬೆಳಿಗ್ಗೆ ಗಾಳಿ ದಡದಿಂದ ಸಮುದ್ರಕ್ಕೆ ಬೀಸುತ್ತದೆ, ಅಲೆಯ ಮುಖವನ್ನು ಎತ್ತಿ ಹಿಡಿದು ನುಣುಪಾಗಿಸುತ್ತದೆ. ಬಿಸಿಲೇರಿದ ಮೇಲೆ ಗಾಳಿ ತಿರುಗುತ್ತದೆ, ಅಲೆ ಸುಕ್ಕಾಗುತ್ತದೆ. ಅಷ್ಟೇ. ಮಧ್ಯಾಹ್ನ ಇಲ್ಲಿಗೆ ನಡೆದು ಬಂದು, ನೋಡಿ, "ಇದಾ?" ಅಂದುಕೊಂಡು ವಾಪಸ್ ಹೋದವರು ಎಷ್ಟೋ ಜನ ಇರಬಹುದು. ಅವರಿಗೆ ನನ್ನ ಧನ್ಯವಾದ.

ಜಾಗದ ಹೆಸರು ಕೇಳಬೇಡಿ. ಕ್ಯಾಲಿಫೋರ್ನಿಯಾದ ಮಲಿಬೂ, ಆಸ್ಟ್ರೇಲಿಯಾದ ನೂಸಾ ಕೂಡ ಪಾಯಿಂಟ್‌ಗಳೇ, ಅಲ್ಲಿ ಒಂದು ಅಲೆಯಲ್ಲಿ ಎಷ್ಟು ಜನ ಇರುತ್ತಾರೆ ಅಂತ ಚಿತ್ರಗಳಲ್ಲಿ ನೋಡಿರುತ್ತೀರಿ. ನಾನು ಫೋಟೊ ಹಾಕಿದರೆ ಅದರಲ್ಲಿ ತೆಂಗಿನ ಮರ ಬರುತ್ತದೆ, ಚಾವಣಿ ಬರುತ್ತದೆ. ಬೇಡ.

ಕೊನೆಯ ದಿನ ಇಬ್ಬರು ಹುಡುಗರು ಬೋರ್ಡು ಹೊತ್ತು ಬಂದರು. ಬಂಡೆ ಮೇಲೆ ನಿಂತು ನನ್ನನ್ನೇ ನೋಡಿದರು, ಇಳಿದರು, ನೇರ ಬಂದು ನನ್ನ ಪಕ್ಕದಲ್ಲೇ ಕೂತರು. ನಾನು ಬಹಳ ಗತ್ತಿನಿಂದ ತಿರುಗಿ ಮರ ನೋಡಿದೆ, ಬಂಡೆ ನೋಡಿದೆ, ಎರಡು ಸಲ ಕೈ ಬೀಸಿ ಸರಿದು ಕೂತೆ. ಅವರೂ ಸರಿದರು. ಸೆಟ್ ಬಂತು. ಮೂವರೂ ತಿರುಗಿ ಕೈ ಬೀಸಿದೆವು, ಮೂವರ ಅಡಿಯಿಂದಲೂ ಅಲೆ ನುಸುಳಿ ಹೋಯಿತು. ಹಿಂದಿನ ರಾತ್ರಿಯೇ ಸ್ವೆಲ್ ಇಳಿದು 9 ಸೆಕೆಂಡಿಗೆ ಬಂದಿತ್ತು, ಎತ್ತರವೂ ಅರ್ಧ. ಅಲೆ ಒಡೆಯುವುದು ಅದರ ಎತ್ತರದ ಸುಮಾರು 1.3 ಪಟ್ಟು ಆಳ ಉಳಿದಾಗ, ಹಾಗಾಗಿ ಚಿಕ್ಕ ಅಲೆ ಒಳಗೆ ಬಂದೇ ಒಡೆಯುತ್ತದೆ. ಆ ಗುರುತುಗಳು ದೊಡ್ಡ ದಿನದ್ದು. ಇದು ಹೊಳೆಯುವ ಹೊತ್ತಿಗೆ ಇನ್ನೂ ಎರಡು ಸೆಟ್ ಹೋಗಿದ್ದವು. ಹುಡುಗರು ಮಾತ್ರ ಒಂದಿಷ್ಟೂ ಅನುಮಾನ ಪಡದೆ ನಾನು ಯಾವ ಕಡೆ ನೋಡುತ್ತೇನೆ ಅಂತ ನೋಡುತ್ತಾ ಕೂತಿದ್ದರು.