ಕಡತದ ಪಾಸ್‌ವರ್ಡ್, ಬಳಕೆದಾರನ ಪಾಸ್‌ವರ್ಡ್

ಕಲಬುರಗಿ, 18 ಜನವರಿ 2024, ಗುರುವಾರ

ಹೊಸ ತೊಗರಿ ಬರುವ ಕಾಲದಲ್ಲಿ ನೆಹರು ಗಂಜಿನಲ್ಲಿ ಕಂಪ್ಯೂಟರ್ ಕೈಕೊಟ್ಟರೆ ಯಾವ ಅಡತ್ (ದಲ್ಲಾಳಿ) ಅಂಗಡಿಯವರಿಗೂ ತಾಳ್ಮೆ ಇರುವುದಿಲ್ಲ. ಬೆಳಿಗ್ಗೆಯೇ ಒಬ್ಬ ಸಾಹುಕಾರರ ಕರೆ: ಲೆಕ್ಕದ ತಂತ್ರಾಂಶ ತೆರೆಯುತ್ತಿಲ್ಲ, ರೈತರು ಲೆಕ್ಕದ ಪಟ್ಟಿಗಾಗಿ ಕಾದು ನಿಂತಿದ್ದಾರೆ. ಹೋಗಿ ನೋಡಿದರೆ ಅವರ ಮಗ ಮೈಕ್ರೋಸಾಫ್ಟ್‌ನ ಡೇಟಾಬೇಸ್ ತಂತ್ರಾಂಶ ಆಕ್ಸೆಸ್‌ನಲ್ಲಿ, ಲೆಕ್ಕವೆಲ್ಲ ಕೂಡಿಟ್ಟ ಎಂಡಿಬಿ ಕಡತ ತೆರೆದು ಪಾಸ್‌ವರ್ಡ್ ಹಾಕಿಬಿಟ್ಟಿದ್ದಾನೆ. ಯಾರಿಗೆ ಎಷ್ಟು ಮುಂಗಡ ಹೋಗಿದೆ ಎಂಬುದು ಕಂಡವರ ಕಣ್ಣಿಗೆ ಬೀಳಬಾರದಂತೆ. ನ್ಯಾಯವೇ. ಆದರೆ ವಿಷುಯಲ್ ಬೇಸಿಕ್ 6 ಭಾಷೆಯಲ್ಲಿ ಬರೆದ ಹಳೆಯ ಲೆಕ್ಕದ ತಂತ್ರಾಂಶಕ್ಕೆ ಆ ಪಾಸ್‌ವರ್ಡನ್ನು ಯಾರು ಹೇಳಬೇಕು?

ಹುಡುಗ ಚುರುಕು. ಕಡತವನ್ನು ಹೇಗೆ ತೆರೆಯಬೇಕೆಂದು ತಂತ್ರಾಂಶಕ್ಕೆ ಹೇಳುವ ಸಂಪರ್ಕದ ಸಾಲು, ಸೆಟ್ಟಿಂಗ್‌ಗಳನ್ನು ಬರೆದಿಡುವ ಐಎನ್‌ಐ ಕಡತದಲ್ಲಿರುವುದನ್ನು ತಾನೇ ಪತ್ತೆಹಚ್ಚಿ, ಕೊನೆಗೆ ‘ಪಾಸ್‌ವರ್ಡ್=’ ಎಂದು ಸೇರಿಸಿದ್ದ. ವರ್ಕ್‌ಗ್ರೂಪ್ ಮಾಹಿತಿ ಕಡತ ಕಾಣೆಯಾಗಿದೆ, ಇಲ್ಲವೇ ಬೇರೆಯವರು ತೆರೆದಿದ್ದಾರೆ ಎಂಬ ಸಂದೇಶ ಬಂದಿತ್ತು. ಅದನ್ನು ನಂಬಿ ಪಾಪ, ಅಂಗಡಿಯ ಇನ್ನೊಂದು ಕಂಪ್ಯೂಟರನ್ನೂ ಆರಿಸಿ ಕುಳಿತಿದ್ದ. ಇಷ್ಟು ದಾರಿ ತಪ್ಪಿಸುವ ದೋಷಸಂದೇಶ ಬರೆದವರ ಮೇಲೆ ನನಗೆ ಹಳೆಯ ಸಿಟ್ಟಿದೆ.

ಎಂಡಿಬಿ ಕಡತವನ್ನು ಓದಿ ಬರೆಯುವ ಒಳಗಿನ ತಂತ್ರಾಂಶಕ್ಕೆ ಜೆಟ್ ಎಂಜಿನ್ ಎಂದು ಹೆಸರು. ಅದರಲ್ಲಿ ಪಾಸ್‌ವರ್ಡ್ ಎರಡು ಬಗೆ. ಬರಿಯ ‘ಪಾಸ್‌ವರ್ಡ್’ ಎಂದರೆ ಬಳಕೆದಾರನದು. ಬಳಕೆದಾರರ ವಿವರ ಇರುವುದು ಎಂಡಿಡಬ್ಲ್ಯು ಎಂಬ ಪ್ರತ್ಯೇಕ ಕಡತದಲ್ಲಿ; ಸಂದೇಶ ಹೇಳಿದ ವರ್ಕ್‌ಗ್ರೂಪ್ ಮಾಹಿತಿ ಕಡತ ಇದೇ. ಜೆಟ್ ಅದನ್ನು ಹುಡುಕಿ, ಸಿಗದೆ ದೂರುತ್ತದೆ. ಕಡತಕ್ಕೇ ಹಾಕಿದ ಪಾಸ್‌ವರ್ಡನ್ನು ‘ಜೆಟ್ ಓಎಲ್‌ಇಡಿಬಿ:ಡೇಟಾಬೇಸ್ ಪಾಸ್‌ವರ್ಡ್=’ ಎಂದೇ ಬರೆಯಬೇಕು. ಆಕ್ಸೆಸ್ 2007ರಿಂದ ಬಂದ ಎಸಿಸಿಡಿಬಿ ಎಂಬ ಹೊಸ ಬಗೆಯ ಕಡತಕ್ಕೆ ಪ್ರೊವೈಡರ್ (ತಂತ್ರಾಂಶವನ್ನು ಕಡತಕ್ಕೆ ಜೋಡಿಸುವ ಕೊಂಡಿ) ‘ಎಸಿಇ’ ಎಂದು ಬದಲಾದರೂ ಇಲ್ಲಿ ಮಾತ್ರ ಜೆಟ್ ಹೆಸರೇ ಉಳಿದಿದೆ, ಮಗ ಬೇರೆ ಮನೆ ಮಾಡಿದ ಮೇಲೂ ಕರೆಂಟ್ ಬಿಲ್ಲು ಅಪ್ಪನ ಹೆಸರಿಗೇ ಬರುವಂತೆ.

ಸಾಲು ತಿದ್ದಿದೆ, ತಂತ್ರಾಂಶ ತೆರೆಯಿತು. ಆದರೆ ಈಗ ಪಾಸ್‌ವರ್ಡ್ ಐಎನ್‌ಐ ಕಡತದಲ್ಲಿ ಬಟಾಬಯಲಾಗಿ ಕುಳಿತಿದೆ. ನೋಟ್‌ಪ್ಯಾಡ್ ಬಲ್ಲ ಯಾರಾದರೂ ಓದಬಹುದು. ಅದಿಲ್ಲದಿದ್ದರೂ ಎಂಡಿಬಿ ಪಾಸ್‌ವರ್ಡ್ ಹೆಸರಿಗಷ್ಟೇ: ಒಳಗಿನ ಮಾಹಿತಿ ಗೂಢಲಿಪಿಗೆ ತಿರುಗುವುದಿಲ್ಲ, ಪಾಸ್‌ವರ್ಡ್ ಕೂಡ ಕಡತದ ತಲೆಭಾಗದಲ್ಲೇ ತೆಳುವಾಗಿ ಮರೆಮಾಡಿಕೊಂಡಿರುತ್ತದೆ. ಅದನ್ನು ಹೊರಗೆಳೆಯುವ ಉಪಕರಣಗಳು ಪುಕ್ಕಟೆ ಸಿಗುತ್ತವೆ. ಎಸಿಸಿಡಿಬಿಯಲ್ಲಿ ನಿಜವಾದ ಗೂಢಲಿಪೀಕರಣವಿದೆ. ಮಗ ಮೈಕ್ರೋಸಾಫ್ಟ್‌ನ ಡಾಟ್‌ನೆಟ್‌ನಲ್ಲಿ ಇಡೀ ತಂತ್ರಾಂಶವನ್ನೇ ಹೊಸದಾಗಿ ಬರೆಯುವ ಉತ್ಸಾಹದಲ್ಲಿದ್ದಾನೆ. ಹಳೆಯ ಜೆಟ್ ಪ್ರೊವೈಡರ್ 32 ಬಿಟ್‌ನದು ಮಾತ್ರ, 64 ಬಿಟ್‌ಗೆ ಕಂಪೈಲ್ ಮಾಡಿದರೆ ಪ್ರೊವೈಡರ್ ನೋಂದಣಿಯೇ ಆಗಿಲ್ಲ ಎನ್ನುತ್ತದೆ ಎಂದು ಅವನಿಗೆ ಹೇಳಿದೆ.

ಇದೆಲ್ಲವನ್ನೂ ಸಾಹುಕಾರರಿಗೂ ವಿವರಿಸಲು ಹೊರಟೆ. “ಪಟ್ಟಿ ಬರುತ್ತದೆಯೋ ಇಲ್ಲವೋ, ಅಷ್ಟು ಹೇಳಿ” ಎಂದರು. ಬರುತ್ತದೆ ಎಂದೆ. ಉಳಿದದ್ದು ತೊಗರಿ ಸೀಸನ್ ಮುಗಿದ ಮೇಲಂತೆ.