ಮಿಗ್‌ಗೆ ಬಿಕಾನೇರಿನ ಧೂಳು

ಮೂರು ಭಾನುವಾರದಿಂದ ಗೇಣುದ್ದದ ಒಂದು ಪ್ಲಾಸ್ಟಿಕ್ ಮಾದರಿ ವಿಮಾನವನ್ನು, ನಿಜವಾಗಿ ಹಾರಾಡಿ ಹಳತಾದ ಹಾಗೆ ಕಾಣಲಿ ಅಂತ, ಗಲೀಜು ಮಾಡುತ್ತಾ ಕೂತಿದ್ದೇನೆ. "ಎಲ್ಲರೂ ಸಾಮಾನು ತೊಳೀತಾರೆ, ನೀನು ಚೆನ್ನಾಗಿರೋದನ್ನ ಹೊಲಸು ಮಾಡಾಕೆ ಕುಂತೀಯಲ್ಲೋ" ಅಂತ ಅಮ್ಮ ದಿನಕ್ಕೊಮ್ಮೆ ಹೇಳುತ್ತಾಳೆ.

ಇದು ಮಿಗ್-21 ಯುದ್ಧವಿಮಾನದ ಸುಧಾರಿತ ರೂಪವಾದ ಬೈಸನ್, 1/72 ಅಳತೆಯದ್ದು, ಅಂದರೆ ನಿಜವಾದದ್ದರ ಎಪ್ಪತ್ತೆರಡರಲ್ಲಿ ಒಂದು ಪಾಲು. ನಿಜವಾದದ್ದರ ರೆಕ್ಕೆ ತುದಿಯಿಂದ ತುದಿಗೆ 7.15 ಮೀಟರ್, ನನ್ನದು ಹತ್ತು ಸೆಂಟಿಮೀಟರಿಗೆ ಕೂದಲೆಳೆಯಷ್ಟು ಕಮ್ಮಿ. 1963ರಲ್ಲಿ ನಮ್ಮ ವಾಯುಪಡೆಗೆ ಬಂದ ಮಿಗ್-21, 2025ರ ಸೆಪ್ಟೆಂಬರ್ 26ಕ್ಕೆ ಚಂಡೀಗಢದಲ್ಲಿ ನಿವೃತ್ತಿ ಆಯಿತಲ್ಲ, ಅವತ್ತು ರಾತ್ರಿಯೇ ಕಪಾಟಿನಿಂದ ಬಿಡಿಭಾಗಗಳ ಕಿಟ್ ಇಳಿಸಿದ್ದೆ. ಬಣ್ಣಕ್ಕೆ ಬಂದಿದ್ದು ಮಾತ್ರ ಈ ಏಪ್ರಿಲ್‌ನಲ್ಲಿ. ನನ್ನ ಸ್ಪೀಡೇ ಅಷ್ಟು.

ಜೋಡಿಸುವುದರಲ್ಲಿ ಹೇಳುವಂಥದ್ದು ಒಂದೇ. ಮೂತಿಯೊಳಗೆ ಭಾರ ತುಂಬದಿದ್ದರೆ ಮಿಗ್ ಮುಂದಿನ ಚಕ್ರ ಎತ್ತಿ ಬಾಲದ ಮೇಲೆ ಕೂತುಬಿಡುತ್ತದೆ. ಸೈಕಲ್ ಶಾಪಿನ ಬೇರಿಂಗ್ ಗುಂಡು ಹಾಕಿ ಅಂಟಿಸಿದೆ.

ಬಣ್ಣದ ಕೆಲಸ ಬೆಳಿಗ್ಗೆ ಆರಕ್ಕೇ ಆಗಬೇಕು. ದಾವಣಗೆರೆ ಬಿಸಿಲು ಏರಿತು ಅಂದರೆ ಅಕ್ರಿಲಿಕ್ ಬಣ್ಣ ಏರ್‌ಬ್ರಷ್ (ಬಣ್ಣ ಸಿಂಪಡಿಸುವ ಪುಟ್ಟ ಗನ್) ಸೂಜಿಯ ತುದಿಯಲ್ಲೇ ಒಣಗಿ ಕಟ್ಟಿಕೊಳ್ಳುತ್ತದೆ, ಇಲ್ಲವೇ ರೆಕ್ಕೆಗೆ ತಾಗುವಷ್ಟರಲ್ಲಿ ಪುಡಿಯಾಗಿ, ಮುಟ್ಟಿದರೆ ಎಮೆರಿ ಪೇಪರ್ ಥರ ಇರುತ್ತದೆ. ಬೂದು ಬಣ್ಣ ಒಂದು ಕೋಟ್ ಆದ ಮೇಲೆ ಅದಕ್ಕೇ ಒಂದೆರಡು ಹನಿ ಬಿಳಿ ಸೇರಿಸಿ ಮೈಮೇಲಿನ ಪ್ರತಿ ಪ್ಯಾನೆಲ್‌ನ, ಅಂದರೆ ಗೆರೆಗಳ ನಡುವಿನ ಒಂದೊಂದು ತಗಡಿನ, ಮಧ್ಯಭಾಗಕ್ಕೆ ಮಾತ್ರ ತೆಳ್ಳಗೆ ಹೊಡೆದೆ. ಬಿಸಿಲಿಗೆ ಮಾಸಿದ ಹಾಗೆ ಕಾಣುತ್ತದೆ.

ಆಮೇಲೆ ವಾಶ್, ಅಂದರೆ ಪ್ಯಾನೆಲ್ ಗೆರೆಗಳು ಎದ್ದು ಕಾಣಲು ಅವುಗಳಿಗೆ ನೀರಾದ ಕಪ್ಪು ಬಣ್ಣ ಇಳಿಸುವುದು. ಹೋದ ಸಲ ನ್ಯಾಟ್ ಅನ್ನುವ ಇನ್ನೊಂದು ಯುದ್ಧವಿಮಾನದ ಮಾದರಿ ಮಾಡುವಾಗ ಇಲ್ಲೇ ಕೆಟ್ಟೆ. ಮನೆಯಲ್ಲಿ ಬಾಗಿಲಿಗೆ ಬಣ್ಣ ಹೊಡೆದು ಉಳಿದಿದ್ದ ಎನ್‌ಸಿ ಥಿನ್ನರ್‌ನಲ್ಲಿ ಕಪ್ಪು ಕಲಸಿ ಬಳಿದೆ, ಬಣ್ಣ ಸುಕ್ಕಾಗಿ ಎದ್ದಿತು, ಒರೆಸೋಣ ಅಂತ ಹೋದರೆ ಅಡಿಯ ಪ್ಲಾಸ್ಟಿಕ್ಕೇ ಕರಗಿ ನನ್ನ ಹೆಬ್ಬೆಟ್ಟಿನ ಗುರುತು ಎಡರೆಕ್ಕೆ ಮೇಲೆ ಶಾಶ್ವತವಾಗಿ ಉಳಿಯಿತು. ಈ ಸಲ ಮೊದಲು ಹೊಳಪಿನ ವಾರ್ನಿಶ್, ಅದರ ಮೇಲೆ ಡೆಕಾಲ್ (ಗುರುತು, ನಂಬರಿನ ಅಂಟುಚಿತ್ರ), ಮತ್ತೊಂದು ಕೈ ವಾರ್ನಿಶ್, ಒಂದು ದಿನ ಬಿಟ್ಟು ಚಿತ್ರ ಬರೆಯುವ ಆಯಿಲ್ ಪೇಂಟನ್ನು ಟರ್ಪೆಂಟೈನ್‌ನಲ್ಲಿ ಕಲಸಿದೆ. ಕುಂಚದ ತುದಿ ಗೆರೆಗೆ ತಾಗಿಸಿದರೆ ಸಾಕು, ಬಣ್ಣ ತಾನೇ ಗೆರೆ ಹಿಡಿದು ಓಡುತ್ತದೆ. ಅದನ್ನು ನೋಡುವುದೇ ಒಂದು ಮಜಾ.

ಜಾಸ್ತಿ ಜನ ಕೆಡಿಸುವುದು ಇದಾದ ಮೇಲೆ. ಸುಮ್ನೆ ಎಲ್ಲ ಕಡೆ ತುಕ್ಕು ಬಳಿಯುತ್ತಾರೆ. ಅಲ್ಯೂಮಿನಿಯಂಗೆ ಕೆಂಪು ತುಕ್ಕು ಎಲ್ಲಿಂದ ಬರಬೇಕು? ಮಸಿ ಬೇಕಾದರೆ ಹೊಟ್ಟೆಯ ಕೆಳಗಿನ 23 ಮಿಲಿಮೀಟರ್ ಗನ್ ಹಿಂದೆ ಹಾಕಿ, ಅದೂ ಗಾಳಿ ಹೋಗುವ ದಿಕ್ಕಿಗೆ ಎಳೆದು. ಚಕ್ರದ ಧೂಳಿಗೆ ನಾನು ಮೊದಲು ಚಿತ್ರದುರ್ಗದ ಕಡೆಯ ಕೆಮ್ಮಣ್ಣನ್ನೇ ಜರಡಿ ಹಿಡಿದು ಇಟ್ಟಿದ್ದೆ. ಆಮೇಲೆ ನೆನಪಾಯಿತು, ಬೈಸನ್‌ಗಳು ಕೊನೆಗೆ ಇದ್ದದ್ದು ಬಿಕಾನೇರಿನ ಹತ್ತಿರ ನಾಲ್‌ನಲ್ಲಿ, ಅಲ್ಲಿರುವುದು ಮರಳು. ಕೆಮ್ಮಣ್ಣು ವಾಪಸ್ ತುಳಸಿ ಕುಂಡಕ್ಕೆ ಹೋಯಿತು. ತಿಳಿ ಕಂದು ಪೇಸ್ಟಲ್ ಚಾಕ್ ತೇಯ್ದು ಟೈರಿಗೆ ತಟ್ಟಿದೆ.

ಹೊಳಪಿಲ್ಲದ ಮ್ಯಾಟ್ ವಾರ್ನಿಶ್ ಹೊಡೆದು, ಮುಗಿಯಿತು ಅಂತ ಎತ್ತಿಡುವಾಗ ಮೂತಿಯ ಪಿಟಾಟ್ ಕಡ್ಡಿ (ನಿಜವಾದದ್ದರಲ್ಲಿ ವೇಗ ಅಳೆಯುವ ಕೊಳವೆ) ಪಟ್ ಅಂತ ಮುರಿಯಿತು. ಇಂಜೆಕ್ಷನ್ ಸೂಜಿ ಕತ್ತರಿಸಿ ಹಾಕಿದರೆ ಅಚ್ಚುಕಟ್ಟಾಗಿ ಕೂರುತ್ತದೆ. ಮೆಡಿಕಲ್ ಶಾಪಿಗೆ ಹೋದೆ. "ಸಿರಿಂಜ್ ಬೇಡ, ಬರೀ ಸೂಜಿ ಕೊಡಿ" ಅಂದೆ. ಅಂಗಡಿಯವರು ನನ್ನ ಮುಖ ನೋಡಿ, ಆಮೇಲೆ ತೋಳು ನೋಡಿದರು. ಫೋನಲ್ಲಿದ್ದ ವಿಮಾನದ ಫೋಟೋ ತೋರಿಸಿದ ಮೇಲೇ ಸೂಜಿ ಕೈಗೆ ಬಂದಿದ್ದು.